ಉಂಡವರ ಪಟ್ಟಿ

ಕವನಳ ತಟ್ಟೆಯನ್ನು ಗೋವಿಂದಮ್ಮ ದಿನಾ ತೊಳೆದು ಗೂಡಿನಲ್ಲಿ ಬೋರಲು ಹಾಕುತ್ತಿದ್ದಳು. ಅದರಲ್ಲಿ ಉಣ್ಣುವ ಮಗಳು ಮಾತ್ರ ಹದಿನಾರು ಎಂಬ ನಮ್ಮೂರಿನಲ್ಲಿರಲಿಲ್ಲ. ಮೂರ್ನಾಲ್ಕು ದೇಶಗಳು ಸೇರಿ ನಡೆಸುತ್ತಿದ್ದ ಸಂಸ್ಥೆಯೊಂದು ಟಿ. ನರಸೀಪುರದ ಒಂದು ಸ್ಕೂಲಿನಲ್ಲಿ ಮಧ್ಯಾಹ್ನ ಬಿಸಿಯೂಟ ಹಾಕುತ್ತಿತ್ತು. ಆ ಒಂದು ಊಟಕ್ಕಾಗಿ ಏಳು ವರ್ಷದ ಕೂಸನ್ನು ಅಲ್ಲಿ ತಂಗಿಯ ಮನೆಯಲ್ಲಿ ಬಿಟ್ಟಿದ್ದಳು. ಗಂಡ ಹೋದ ಮೇಲೆ ಅವಳಿಗಿದ್ದದ್ದು ಅದೊಂದೇ ಜೀವ.

"ನಮ್ಮೂರ್ಗೂ ಆ ಊಟ ಬಂದ್ರೆ ಮಾರ್ನೆ ದಿನ್ವೇ ಕರ್ಕೊಂಡ್ ಬತ್ತೀನಿ ಕಣೋ ರವಿ," ಎಂದು ಪಕ್ಕದ ಮನೆಯವನಾದ ನನಗೆ ಕಂಡಾಗಲೆಲ್ಲ ಹೇಳುತ್ತಿದ್ದಳು.

ತೊಂಬತ್ತೆಂಟರಲ್ಲಿ ಸಂಸ್ಥೆಯವರು ನಮ್ಮೂರನ್ನೂ ನೋಡಲು ಬಂದರು. ಪಿಯುಸಿ ಇಂಗ್ಲಿಷಿನ ಧೈರ್ಯದ ಮೇಲೆ ನಾನು ದುಭಾಷಿಯಾದೆ; ಉತ್ತರ ಬರೆದುಕೊಳ್ಳುವ ಕೆಲಸವೂ ನನ್ನದೇ. ಊಟ ಭಿಕ್ಷೆಯಲ್ಲ, ಹಕ್ಕು ಎಂದು ಹಾಲೆಂಡಿನ ಮೇಡಂ ಹೇಳಿದ್ದನ್ನು ಬೀದಿಗೆಲ್ಲ ಎದೆಯುಬ್ಬಿಸಿ ಕನ್ನಡದಲ್ಲಿ ಸಾರಿದೆ. ಆಮೇಲೆ ಮನೆಮನೆಗೂ ಕೇಳಿದ್ದು ಒಂದೇ ಪ್ರಶ್ನೆ: ನಿನ್ನೆ ರಾತ್ರಿ ಊಟ ಮಾಡಿದಿರಾ?

ಗೋವಿಂದಮ್ಮ ಬಂದವರಿಗೆ ಬೆಲ್ಲ, ನೀರು ಕೊಟ್ಟಳು. ಸೆರಗು ಸರಿಮಾಡಿಕೊಂಡು, "ಉಂಡೊ ಕಣಪ್ಪ," ಎಂದಳು.

ಬಾಗಿಲಿಗೆ ಬಂದವರು ಊಟ ಆಯ್ತಾ ಎಂದರೆ ನಮ್ಮ ಕಡೆ ಇರುವುದು ಅದೊಂದೇ ಉತ್ತರ. ಇಲ್ಲ ಎಂದರೆ ಮನೆಯ ಮಾನ ಹೋಗುತ್ತದೆ, ಕೇಳಿದವರಿಗೂ ಮುಜುಗರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಉಂಡವರು ನಗಬಹುದು, ನಗಲಿ. ಅವತ್ತು ಇಡೀ ಬೀದಿಯೇ ಉಂಡೊ ಎಂದಿತು. ಹಿಂದಿನ ದಿನ ಗೋವಿಂದಮ್ಮನ ಒಲೆ ಹತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಪರದೇಶದವರ ಮುಂದೆ ಊರಿನ ಮರ್ಯಾದೆ ಕಳೆಯುವುದು ಬೇಡವೆಂದು ಹೌದು ಎಂದೇ ಬರೆದೆ.

ಮೂರು ತಿಂಗಳಿಗೆ ಊಟ ಸಿಗುವ ಊರುಗಳ ಪಟ್ಟಿ ಬಂತು. ನಮ್ಮೂರಿನ ಹೆಸರಿರಲಿಲ್ಲ. ಉಂಡವರಿಗೆ ಮತ್ತೆ ಯಾರು ಬಡಿಸುತ್ತಾರೆ?

"ಒಲೆ ನೋಡಿದ್ರೆ ತಿಳಿಯಾಕಿಲ್ವೇನೋ ಅವರ್ಗೆ? ಬಾಯ್ಬುಟ್ಟು ಬೇರೆ ಯೋಳ್ಬೇಕಾ?" ಎಂದು ಗೋವಿಂದಮ್ಮ ಅತ್ತಳು. ನನಗೆ ತಲೆಯೆತ್ತಲಾಗಲಿಲ್ಲ.

ಆ ಭಾನುವಾರ ಅವಳ ಜೊತೆ ನಾನೂ ನರಸೀಪುರಕ್ಕೆ ಹೋದೆ. ಮಧ್ಯಾಹ್ನ ಮೂರಾಗಿತ್ತು. ತಂಗಿ, ಅವಳ ಗಂಡ ಕೂಲಿಗೆ ಹೋಗಿದ್ದರು. ಕವನ ಹೊಸಿಲ ಮೇಲೆ ಒಬ್ಬಳೇ ಕೂತಿದ್ದಳು. ತಾಯಿಯನ್ನು ಕಂಡವಳೇ ಓಡಿಬಂದು ಸೊಂಟ ತಬ್ಬಿದಳು.

"ಉಂಡ್ಯಾ ಕೂಸೇ?"

"ಉಂಡಿ ಕಣವ್ವ."

ಗೋವಿಂದಮ್ಮ ಒಳಗೆ ಹೋಗಿ ಮಡಕೆಗಳ ಮುಚ್ಚಳ ತೆಗೆದು ನೋಡಿದಳು; ಎಲ್ಲ ಬರಿದಾಗಿದ್ದವು. ಭಾನುವಾರ ಸ್ಕೂಲಿಲ್ಲ ಎಂಬುದು ಆಗ ನನಗೂ ಹೊಳೆಯಿತು. ಅವಳು ಕಟ್ಟಿ ತಂದಿದ್ದ ಮುದ್ದೆ ಬಿಚ್ಚಿದಳು. ಮಗು ತಲೆಯೆತ್ತದೆ ಉಂಡಿತು. ಬೆರಳನ್ನೂ ನೆಕ್ಕಿತು.

"ಉಂಡಿ ಅಂತ ಯಾಕವ್ವ ಅಂದೆ? ಯಾರ್ ಕಲ್ಸಿದ್ರು ನಿಂಗೆ?"

"ನೀನೇ ಅಂಗಂತಿದ್ದಲ್ಲವ್ವ, ಯಾರ್ ಕೇಳುದ್ರೂ."

ಗೋವಿಂದಮ್ಮ ಮಗಳನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ಏಳು ವರ್ಷದ ಹುಡುಗಿ ಎತ್ತಲು ಅಷ್ಟು ಹಗುರವಿರಬಾರದು. ಬಸ್ ಸ್ಟ್ಯಾಂಡಿನವರೆಗೂ ಅವಳು ಇಳಿಸಲಿಲ್ಲ. ಬೆಂಚಿನ ಮೇಲೆ ಕೂತು ನನಗೆ, "ಆ ಮೇಡಮ್ಗೆ ಕಾಗ್ದ ಬರಿ ರವಿ," ಎಂದಳು. "ಅವತ್ತು ಗೋವಿಂದಮ್ಮ ಉಂಡಿರ್ನಿಲ್ಲ ಅಂತ ಬರಿ. ನಾಚ್ಕೊಂಡು ಸುಳ್ ಯೋಳುದ್ಲು, ಇನ್ನೊಂದ್ಸಾರಿ ಬಂದು ಕೇಳಿ ಅಂತ ಬರಿ."

ಬರೆದೆ. ಅವಳು ಹೆಬ್ಬೆಟ್ಟು ಒತ್ತಿದಳು. ಅದರ ಕೆಳಗೆ ನಾನೇ ಇನ್ನೊಂದು ಸಾಲು ಸೇರಿಸಿದೆ: ಬರೆದುಕೊಂಡವನಿಗೂ ಗೊತ್ತಿತ್ತು.