ಮೊದಲ ದಿನವೇ ಬೆಟ್ಟದ ರೂಟು

ಹಾಳೆಯ ಮೇಲೆ ಎಡದಿಂದ ಬಲಕ್ಕೆ ಸಲೀಸಾಗಿ ಓಡುತ್ತಿದ್ದ ಕಾಲೇಜಿನ ಮೇಡಂ ಅವರ ಬೆರಳು ಐದನೇ ಸೆಮಿಸ್ಟರಿನ ಹತ್ತಿರ ಬಂದು ಗಕ್ಕನೆ ನಿಂತಿತು.

ನಿಮಿಷಪ್ಪನವರು ಕುರ್ಚಿಯ ಅಂಚಿಗೆ ಸರಿದರು. ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಟೈಮ್‌ಕೀಪರ್ ಆಗಿದ್ದವರು ಅವರು. ಅವರು ಹಾಕಿದ ಡ್ಯೂಟಿ ಚಾರ್ಟುಗಳ ಮೇಲೆ ಎಷ್ಟು ಮ್ಯಾನೇಜರುಗಳ ಬೆರಳು ಓಡಿಲ್ಲ! ಬೆರಳು ಓಡುತ್ತಿರುವಷ್ಟು ಹೊತ್ತು ಕ್ಷೇಮ. ನಿಂತಿತೋ, ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ. ಅವರ ಇಡೀ ಸರ್ವಿಸಿನಲ್ಲಿ ಹಾಗೆ ನಿಂತದ್ದು ಎರಡೇ ಸಲ. ಅದರಲ್ಲೂ ಒಂದು ಸಲ ಮ್ಯಾನೇಜರೇ ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದರು.

"ಇದನ್ನ ಯಾರು ಹಾಕಿದ್ದು?" ಮೇಡಂ ಕೇಳಿದರು.

"ನಮ್ಮ ಮಾವ," ಅಂದಳು ಪಕ್ಕದಲ್ಲಿ ಕೂತಿದ್ದ ಸೊಸೆ. ಹೇಳುವಾಗ ಅವಳ ಬೆನ್ನು ಸ್ವಲ್ಪ ನೆಟ್ಟಗಾಯಿತು.

ನಿಮಿಷಪ್ಪನವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಒಳಗೆ ಬಂದ ಪ್ರತಿ ಬಸ್ಸಿಗೂ ಕಿಟಕಿಯಿಂದ ತಲೆ ಹೊರಗೆ ಹಾಕಿ "ಎರಡು ನಿಮಿಷ ಲೇಟು" ಎನ್ನುತ್ತಿದ್ದುದರಿಂದ ಡ್ರೈವರುಗಳು ಅವರನ್ನು ನಿಮಿಷಪ್ಪ ಮಾಡಿಬಿಟ್ಟಿದ್ದರು. ನಿವೃತ್ತಿಯ ದಿನ ಆ ಹೆಸರನ್ನೂ ಹಾರದ ಜೊತೆಗೆ ಮನೆಗೆ ತಂದರು. ಈಗ ಮಗನೂ ಬೆನ್ನ ಹಿಂದೆ ಹಾಗೇ ಕರೆಯುತ್ತಾನೆ. ಈ ಕೋಣೆಗೆ ಕಾಲಿಟ್ಟ ತಕ್ಷಣ ಅವರ ಕಣ್ಣಿಗೆ ಬಿದ್ದದ್ದೂ ಅದೇ: ಗೋಡೆ ಗಡಿಯಾರ ಮೂರು ನಿಮಿಷ ಹಿಂದಿದೆ. ಹೇಳೋಣವೆಂದು ಬಾಯಿ ತೆರೆದವರು ಸೊಸೆಯ ಮುಖ ನೋಡಿ ನುಂಗಿಕೊಂಡಿದ್ದರು.

ಸಂಜೆ ಕಾಲೇಜಿನ ಮನೋವಿಜ್ಞಾನ ವಿಭಾಗದ ಕೋಣೆ ಅದು. ಮೂರು ಕಪಾಟು, ಪ್ಲಾಸ್ಟಿಕ್ಕಿನ ಒಂದು ಮಿದುಳು, ಮೇಜಿನ ಮೇಲೆ ಅರ್ಜಿಗಳ ರಾಶಿ. ಕೆಲಸ ಮಾಡುತ್ತಾ ಓದುವವರಿಗೆ ಇಲ್ಲಿ ಡಿಗ್ರಿಗೆ ನಾಲ್ಕು ವರ್ಷ, ಅಂದರೆ ಎಂಟು ಸೆಮಿಸ್ಟರು. ಯಾವ ಸೆಮಿಸ್ಟರಿಗೆ ಯಾವ ಪಾಠ ಅಂತ ಸೇರುವ ಮೊದಲೇ ಪೂರ್ತಿ ಯೋಜನೆ ಬರೆದು, ಸಲಹೆಗಾರ್ತಿ ಮೇಡಂ ಅವರ ಸಹಿ ಹಾಕಿಸಿ, ಕೆಳಗಿನ ಕೌಂಟರಿಗೆ ಕೊಡಬೇಕು. ನಾಲ್ಕು ವರ್ಷದೊಳಗೆ ಮುಗಿಯದ ಯೋಜನೆಗೆ ಸಹಿ ಇಲ್ಲ, ಸಹಿ ಇಲ್ಲದಿದ್ದರೆ ಸೀಟು ಕಾಯುವವರ ಪಟ್ಟಿಯ ಮೊದಲನೆಯವರಿಗೆ. ಇವತ್ತೇ ಕೊನೆಯ ದಿನ, ಕೌಂಟರು ಮುಚ್ಚುವುದು ಒಂದು ಗಂಟೆಗೆ. ಈಗ ಹನ್ನೆರಡೂ ಕಾಲು.

ಸೊಸೆ ಆಸ್ಪತ್ರೆಯ ವಾರ್ಡಿನಲ್ಲಿ ಹನ್ನೊಂದು ವರ್ಷದಿಂದ ಆಯಾ. ಎರಡು ವರ್ಷದ ಹಿಂದೆ ಅವಳ ವಾರ್ಡಿನಲ್ಲಿ ಒಬ್ಬ ಮುದುಕ ಮೂರು ದಿನ ತಟ್ಟೆ ಮುಟ್ಟದೆ ಮಲಗಿದ್ದ. ಡಾಕ್ಟರು ಬೈದರು, ಮಗಳು ಅತ್ತಳು, ಊಹೂಂ. ನಾಲ್ಕನೇ ದಿನ ಇವಳು ಅವನ ತಟ್ಟೆಯನ್ನು ಎಲ್ಲರಿಗಿಂತ ಕೊನೆಗೆ ತಂದಿಟ್ಟಳು. ಮುದುಕ ಎದ್ದು ಕೂತು ತಣ್ಣಗೆ ಊಟ ಮಾಡಿದ. ಜೀವಮಾನವೆಲ್ಲ ಅಡುಗೆಯವನಾಗಿದ್ದವನು, ಎಲ್ಲರ ಊಟ ಆಗದೆ ತಾನು ಉಂಡವನಲ್ಲ. ಊಟದ ಹೊತ್ತಿಗೆ ಅವನು ಪಕ್ಕದ ಮಂಚಗಳನ್ನೇ ಎಣಿಸುತ್ತಾ ಇರುವುದನ್ನು ಇವಳೊಬ್ಬಳೇ ಗಮನಿಸಿದ್ದಳು. "ನಿಂಗೆ ಹೇಗಮ್ಮಾ ಗೊತ್ತಾಯ್ತು?" ಅಂತ ಡಾಕ್ಟರು ಕೇಳಿದರೆ "ಗೊತ್ತಿಲ್ಲ ಡಾಕ್ಟ್ರೇ" ಅಂದಿದ್ದಳು. ಆ 'ಗೊತ್ತಿಲ್ಲ' ಅವಳನ್ನು ಬಿಡಲಿಲ್ಲ. ಹೇಗೆ ಗೊತ್ತಾಯಿತು ಅನ್ನುವುದನ್ನು ತಿಳಿದುಕೊಳ್ಳಲೇಬೇಕೆಂದು ಹಟ ಹಿಡಿದು, ನಲವತ್ತರ ಹತ್ತಿರ ಹತ್ತಿರ ಪ್ರವೇಶ ಪರೀಕ್ಷೆ ಬರೆದು, ಸೀಟು ಗಿಟ್ಟಿಸಿಕೊಂಡಿದ್ದಳು.

ಯೋಜನೆ ಹಾಕಬೇಕು ಅಂದ ದಿನ ನಿಮಿಷಪ್ಪನವರಿಗೆ ಹೋದ ಪ್ರಾಯ ಬಂದ ಹಾಗಾಯಿತು. ಅಟ್ಟದಿಂದ ಹಳೆಯ ಡ್ಯೂಟಿ ಹಾಳೆಗಳ ಕಟ್ಟು ಇಳಿಯಿತು. ಸ್ಟೀಲ್ ಸ್ಕೇಲು ಬಂತು. ಒಂದು ತುದಿ ನೀಲಿ, ಒಂದು ತುದಿ ಕೆಂಪು ಇರುವ ಆ ದಪ್ಪ ಪೆನ್ಸಿಲು ಬಂತು. ಬಸ್ಸು ಹೊರಟದ್ದಕ್ಕೆ ನೀಲಿ, ತಲುಪಿದ್ದಕ್ಕೆ ಕೆಂಪು. ಆ ಪೆನ್ಸಿಲನ್ನು ಡಿಪೋದಲ್ಲೂ ಯಾರಿಗೂ ಮುಟ್ಟಲು ಬಿಟ್ಟವರಲ್ಲ. ಭಾನುವಾರ ಇಡೀ ದಿನ ಊಟದ ಮೇಜು ಅವರದೇ ಆಯಿತು.

"ಅಪ್ಪಾ, ಡಿಗ್ರಿಗೂ ಪರ್ಮಿಟ್ ಬೇಕಾ?" ಅಂತ ಮಗ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಚುಡಾಯಿಸಿದ. ಅವರು ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದರು.

ಸೊಸೆ ಒಂದೇ ಒಂದು ಮಾತು ಹೇಳಿದ್ದಳು. "ಸಂಖ್ಯಾಶಾಸ್ತ್ರ ಮೊದಲನೇ ಸೆಮಿಸ್ಟರ್‌ಗೇ ಹಾಕಿಬಿಡೋಣ ಮಾವ."

"ಹುಚ್ಚಿ! ಹೊಸ ಡ್ರೈವರಿಗೆ ಮೊದಲ ದಿನವೇ ಯಾರಾದ್ರೂ ಬೆಟ್ಟದ ರೂಟು ಕೊಡ್ತಾರಾ? ಲೆಕ್ಕ ನೋಡಿ ಇಪ್ಪತ್ತು ವರ್ಷ ಆಯ್ತು ನಿಂಗೆ. ಮೊದಲು ಸಮತಟ್ಟು ರಸ್ತೇಲಿ ಕೈ ಕುದುರಲಿ. ಅದೂ ಅಲ್ದೆ ಆ ಕ್ಲಾಸು ಸೋಮವಾರ ಸಂಜೆ ಮಾತ್ರ. ಬೇರೆ ಪಾಠ ಎಲ್ಲ ಭಾನುವಾರ ಇನ್ನೊಂದು ಸಲ ಹೇಳ್ತಾರೆ, ಇದನ್ನ ಹೇಳಲ್ಲ. ನಿಂಗೆ ಮೂರು ವಾರಕ್ಕೊಂದು ಸಲ ಮಧ್ಯಾಹ್ನದ ಪಾಳಿ, ರಾತ್ರಿ ಹತ್ತರ ತನಕ. ಮೂರನೇ ವರ್ಷಕ್ಕೆ ಹಗಲು ಪಾಳಿ ಖಾಯಂ ಆಗುತ್ತಲ್ಲ, ಆಗ ಓದಿದ್ರಾಯ್ತು. ಅದೆಲ್ಲ ನಂಗೆ ಬಿಡು."

ಅವಳು ಬಿಟ್ಟಿದ್ದಳು.

ಈಗ ಮೇಡಂ ಅವರ ಬೆರಳು ಸರಿಯಾಗಿ ಅಲ್ಲೇ ಕೂತಿತ್ತು. "ಚಾರ್ಟ್ ತುಂಬಾ ಚೆನ್ನಾಗಿದೆ ಯಜಮಾನ್ರೇ. ಇಷ್ಟು ನೀಟಾಗಿ ಹಾಕಿರೋದನ್ನ ನಾನು ನೋಡೇ ಇಲ್ಲ. ಆದ್ರೆ ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ, ಎರಡನ್ನೂ ಒಂದೇ ಸೆಮಿಸ್ಟರ್‌ನಲ್ಲಿ ಇಟ್ಟಿದೀರಲ್ಲ? ಮೊದಲನೇದು ಆದ ಮೇಲೇ ಎರಡನೇದು ತಗೋಬೇಕು ಅಂತ ನಿಯಮದ ಪುಸ್ತಕದಲ್ಲಿ ಬರೆದಿದೆ."

"ಆದ ಮೇಲೇ ಇಟ್ಟಿದೀನಲ್ಲ ಮೇಡಂ!" ನಿಮಿಷಪ್ಪನವರು ಖುಷಿಯಿಂದ ಮುಂದಕ್ಕೆ ಬಾಗಿದರು. "ನೋಡಿ, ಸೋಮವಾರ ಸಂಖ್ಯಾಶಾಸ್ತ್ರ ಬಂದು ನಿಲ್ಲುತ್ತೆ. ಬುಧವಾರ ಸಂಶೋಧನಾ ವಿಧಾನ ಹೊರಡುತ್ತೆ. ನಡುವೆ ಎರಡು ದಿನ ಇದೆ. ನಮ್ಮಲ್ಲಿ ಕನೆಕ್ಷನ್ ಬಸ್ಸಿಗೆ ಹತ್ತು ನಿಮಿಷ ಇದ್ರೆ ಧಾರಾಳ ಆಯ್ತು."

ಮೇಡಂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. "ಆದ ಮೇಲೆ ಅಂದ್ರೆ ಪಾಸಾದ ಮೇಲೆ," ಅಂತ ಮೆಲ್ಲಗೆ ಹೇಳಿದರು. "ಸಂಖ್ಯಾಶಾಸ್ತ್ರ ಐದರಲ್ಲಿ ಪಾಸಾದ್ರೆ ಸಂಶೋಧನಾ ವಿಧಾನ ಆರಕ್ಕೆ ಹೋಗುತ್ತೆ, ಪ್ರಯೋಗಶಾಲೆ ಏಳಕ್ಕೆ. ಕೊನೆಯ ಕಿರು ಸಂಶೋಧನೆಗೆ ಎರಡು ಸೆಮಿಸ್ಟರ್ ಬೇಕು. ಅಲ್ಲಿಗೆ ಒಂಬತ್ತಾಯ್ತು. ನಾಲ್ಕು ವರ್ಷಕ್ಕೆ ಮುಗಿಯಲ್ಲ ಇದು. ನಾನು ಸಹಿ ಹಾಕೋ ಹಾಗಿಲ್ಲ."

ನಿಮಿಷಪ್ಪನವರು ತಮ್ಮ ಚಾರ್ಟನ್ನೇ ನೋಡಿದರು. ಒಂದೊಂದು ಗೆರೆಯೂ ನೂಲು ಹಿಡಿದಷ್ಟು ನೇರ. ಅಷ್ಟು ಚೆಂದದ ತಪ್ಪನ್ನು ಅವರು ಜೀವಮಾನದಲ್ಲಿ ಮಾಡಿರಲಿಲ್ಲ. ಅಯ್ಯೋ, ನನ್ನ ಕೈಯಾರೆ ಈ ಹುಡುಗಿಯ ಸೀಟು ಕಳೆದೆನಲ್ಲ ಅನ್ನಿಸಿತು. ಡ್ರೈವರುಗಳ ತಪ್ಪಿಗೆ ಅವರು ಬರೆದ ಮೆಮೊಗಳಿಗೆ ಲೆಕ್ಕವಿಲ್ಲ. ತಮ್ಮ ತಪ್ಪನ್ನು ಬಾಯಿ ಬಿಟ್ಟು ಒಪ್ಪಿಕೊಂಡ ಒಂದು ದಿನವೂ ನೆನಪಿಲ್ಲ. ಎದ್ದು ನಿಂತರು.

"ಮೇಡಂ, ತಪ್ಪು ನಂದು. ಅವಳು ಮೊದಲೇ ಹೇಳಿದ್ಲು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ದೊಡ್ಡ ಮನುಷ್ಯನ ಹಾಗೆ ಮಾತಾಡಿ ಬಾಯಿ ಮುಚ್ಚಿಸಿದೆ. ನನ್ನ ತಪ್ಪಿಗೆ ಅವಳ ಸೀಟು ತೆಗೀಬೇಡಿ."

"ಮಾವ, ಕೂತ್ಕೊಳ್ಳಿ," ಅಂದಳು ಸೊಸೆ. ದನಿಯಲ್ಲಿ ಕೋಪವಿರಲಿಲ್ಲ. ಮಂಚದಿಂದ ಇಳಿಯಲು ಅವಸರ ಮಾಡುವ ರೋಗಿಗೆ ಹೇಳುವ ದನಿ ಅದು. "ಪೆನ್ಸಿಲ್ ಕೊಡಿ ಇಲ್ಲಿ."

ಅವರ ಕೈ ತಾನಾಗಿ ಜೇಬಿಗೆ ಹೋಯಿತು. ಆ ಪೆನ್ಸಿಲು ಬೇರೆಯವರ ಬೆರಳಿಗೆ ಹೋದದ್ದು ಅದೇ ಮೊದಲು.

ಅವಳು ಹಾಳೆಯನ್ನು ಮಗುಚಿದಳು. ಮೇಜಿನ ಮೇಲಿದ್ದ ಸ್ಕೇಲಿಟ್ಟು ಎಂಟು ಮನೆ ಎಳೆದಳು, ಮಾವ ಎಳೆದ ಹಾಗೇ, ಮೇಲೆ ಹೊರಡುವುದು, ಕೆಳಗೆ ತಲುಪುವುದು. ಮೊದಲನೇ ಮನೆಯಲ್ಲಿ ನೀಲಿ ಬಣ್ಣದಲ್ಲಿ ಬರೆದಳು: ಮನೋವಿಜ್ಞಾನದ ಪರಿಚಯ, ಸಂಖ್ಯಾಶಾಸ್ತ್ರ.

"ಒಂದ್ನಿಮಿಷ," ಮೇಡಂ ತಡೆದರು. "ಅರ್ಧಕ್ಕರ್ಧ ಜನ ಫೇಲಾಗೋದು ಇದ್ರಲ್ಲೇ. ಇಷ್ಟು ವರ್ಷ ಆದ ಮೇಲೆ ಓದಕ್ಕೆ ಬರ್ತಿದೀರಿ. ಮೊದಲನೇ ಸೆಮಿಸ್ಟರ್‌ಗೇ ಬೇಕಾ?"

"ವಾರ್ಡಿನಲ್ಲಿ ಯಾರು ಎಷ್ಟು ನೀರು ಕುಡಿದ್ರು, ಎಷ್ಟು ಹೊರಗೆ ಹೋಯ್ತು ಅಂತ ದಿನಾ ಚಾರ್ಟ್ ತುಂಬ್ತೀನಿ ಮೇಡಂ. ಹನ್ನೊಂದು ವರ್ಷ ಆಯ್ತು. ಅಂಕಿ ಏರಿದ್ದು ಇಳಿದಿದ್ದು ನೋಡಿದ್ರೆ ಯಾರಿಗೆ ಹುಷಾರಿಲ್ಲ ಅಂತ ಹೇಳ್ತೀನಿ. ಉಳಿದಿದ್ದು ಕಲ್ತ್ಕೋತೀನಿ." ಅವಳು ಪೆನ್ಸಿಲಿನಿಂದ ಮೂರನೇ ಮನೆಯನ್ನು ತೋರಿಸಿದಳು. "ಮತ್ತೆ, ಈಗ ಫೇಲಾದ್ರೆ ಮುಂದಿನ ವರ್ಷ ಇಲ್ಲಿ ಇನ್ನೊಂದ್ಸಲ ತಗೊಳ್ಳೋಕೆ ಜಾಗ ಇದೆ. ಕೊನೇಲಿ ಇಟ್ಕೊಂಡು ಫೇಲಾದ್ರೆ ಜಾಗಾನೇ ಇರಲ್ಲ."

ನಿಮಿಷಪ್ಪನವರಿಗೆ ಕೂತಲ್ಲೇ ಯಾರೋ ತಲೆಗೆ ಮೊಟಕಿದ ಹಾಗಾಯಿತು. ಬೆಟ್ಟದ ಬಸ್ಸನ್ನು ಮೂವತ್ತೆರಡು ವರ್ಷವೂ ಅವರು ಬೆಳಗಿನ ಮೊದಲ ಟ್ರಿಪ್ಪಿಗೇ ಬಿಡುತ್ತಿದ್ದರು! ತಿರುವಿನಲ್ಲಿ ಕೆಟ್ಟು ನಿಂತರೂ ಇನ್ನೊಂದು ಬಸ್ಸು ಕಳಿಸಲು ಇಡೀ ಹಗಲು ಕೈಯಲ್ಲಿರುತ್ತದೆ ಅಂತ. ಅವರದೇ ನಿಯಮ. ಸೊಸೆಗೆ ಕಷ್ಟವಾದೀತು ಅನ್ನುವ ಮರುಕದಲ್ಲಿ ಅದನ್ನೇ ಮರೆತು ಕೂತಿದ್ದರು. ಅವಳು ಡಿಪೋದ ಗೇಟು ದಾಟಿದವಳಲ್ಲ, ಆದರೂ ಕಂಡುಕೊಂಡಿದ್ದಳು.

"ಸರಿ. ಸೋಮವಾರದ ಕ್ಲಾಸಿಗೆ ಏನ್ಮಾಡ್ತೀರಿ? ಪಾಳಿ ಕೆಲಸ ಅಂತ ಅರ್ಜೀಲಿ ಇದೆ," ಅಂದರು ಮೇಡಂ.

ಅವಳು ಚೀಲದಿಂದ ಅಂಗೈ ಅಗಲದ ಒಂದು ನೋಟ್‌ಬುಕ್ಕು ತೆಗೆದಳು. "ಹದಿನಾರು ವಾರದಲ್ಲಿ ನಂಗೆ ಮಧ್ಯಾಹ್ನದ ಪಾಳಿ ಬರೋದು ಐದು ಸೋಮವಾರ. ಎರಡನೇ ವಾರದ್ದು, ಎಂಟನೇ ವಾರದ್ದು ಮಕ್ಕಳ ವಾರ್ಡಿನವಳು ತಗೋತಾಳೆ. ಸೋಮವಾರ ಬೆಳಗ್ಗೆ ಅವಳ ಅಮ್ಮಂಗೆ ಡಯಾಲಿಸಿಸ್, ಬೆಳಗಿನ ಪಾಳಿ ನಾನು ಮಾಡಿದ್ರೆ ಅವಳಿಗೂ ಅನುಕೂಲ. ಐದನೇ ವಾರದ್ದು ಮೇಲಿನ ಮಹಡಿಯ ಅಕ್ಕ. ಗಂಡನ ಮೇಲೆ ಮುನಿಸು ಬಂದಾಗೆಲ್ಲ ಅವಳಿಗೆ ಮನೆಗೆ ತಡವಾಗಿ ಹೋಗ್ಬೇಕು, ಕೇಳೋದೇ ಬೇಡ. ಉಳಿದ ಎರಡಕ್ಕೂ ಜನ ಇದಾರೆ. ಹೆಡ್ ಸಿಸ್ಟರ್ ಹತ್ರ ಐದಕ್ಕೂ ಸಹಿ ಹಾಕಿಸಿದೀನಿ."

ಮೇಡಂ ನೋಟ್‌ಬುಕ್ಕನ್ನು ತೆಗೆದುಕೊಂಡು ಐದು ಸಹಿಗಳನ್ನೂ ನೋಡಿದರು. ನಿಮಿಷಪ್ಪನವರು ಕತ್ತು ಚಾಚಿ ಇಣುಕಿದರು. ಸಣ್ಣ ಅಕ್ಷರ, ಓರೆ ಗೆರೆ, ಒಂದು ಮೂಲೆಯಲ್ಲಿ ಚಹಾದ ಕಲೆ. ಆದರೆ ತಾರೀಖು, ಪಾಳಿ, ಬದಲಿ, ಕಾರಣ, ಒಂದೂ ಬಿಟ್ಟಿಲ್ಲ. ಕಾರಣಕ್ಕೆ ಅಂತಲೇ ಒಂದು ಮನೆ! ಅವರ ಚಾರ್ಟುಗಳಲ್ಲಿ ಬಸ್ ನಂಬರು ಇರುತ್ತಿತ್ತು, ಡ್ರೈವರಿನ ಬಿಲ್ಲೆ ನಂಬರು ಇರುತ್ತಿತ್ತು. ಯಾರ ಅಮ್ಮನಿಗೆ ಯಾವ ದಿನ ಡಯಾಲಿಸಿಸ್ ಅಂತ ಬರೆಯುವ ಮನೆ ಅವರಿಗೆ ಒಂದು ದಿನವೂ ಹೊಳೆದಿರಲಿಲ್ಲ.

"ಇದನ್ನ ಯಾವಾಗ ಮಾಡ್ಕೊಂಡೆ?" ಅಂತ ಪಿಸುಗುಟ್ಟಿದರು.

"ಹೋದ ವಾರ. ನೀವು ಬೇಡ ಅಂದ್ರಿ. ಇರ್ಲಿ ಅಂತ ಬರೆದಿಟ್ಟಿದ್ದೆ."

ಆಮೇಲೆ ಅವಳು ಎಲ್ಲೂ ನಿಲ್ಲಲಿಲ್ಲ. ಎರಡರಲ್ಲಿ ಸಂಶೋಧನಾ ವಿಧಾನ. ಮೂರನೇದು ತೆರಪು, ಬೇಕಾದರೆ ಸಂಖ್ಯಾಶಾಸ್ತ್ರದ ಎರಡನೇ ಸಲಕ್ಕೆ, ಬೇಡವಾದರೆ ಕಲಿಕೆ ಮತ್ತು ಸ್ಮರಣೆ. ನಾಲ್ಕರಲ್ಲಿ ಬೆಳವಣಿಗೆಯ ಮನೋವಿಜ್ಞಾನ. ಐದರಲ್ಲಿ ಪ್ರಯೋಗಶಾಲೆ. ಏಳು ಎಂಟು ಕಿರು ಸಂಶೋಧನೆಗೆ. ಒಂದು ಫೇಲಿಗೂ ಜಾಗವಿಟ್ಟು, ಅದರ ಮೇಲೂ ಆರನೇ ಮನೆಯಲ್ಲಿ ಒಂದು ಪಾಠದಷ್ಟು ಖಾಲಿ ಉಳಿಯಿತು. ಪಟ್ಟಿ ನೋಡಿ ಅಲ್ಲಿ 'ಮುಪ್ಪಿನ ಮನೋವಿಜ್ಞಾನ' ಎಂದು ಬರೆದಳು.

"ಅದು ಕಡ್ಡಾಯ ಅಲ್ಲ," ಅಂದರು ಮೇಡಂ.

"ಮನೇಲಿ ಒಬ್ರಿದಾರಲ್ಲ ಮೇಡಂ."

ಮೇಡಂ ಈಗ ನಕ್ಕರು, ಗಟ್ಟಿಯಾಗಿ. "ನೋಡಿದ್ರಾ, ನೋಡಿದ್ರಾ!" ಅಂತ ನಿಮಿಷಪ್ಪನವರು ಸಿಡುಕಲು ಹೋದರು. ಆಗಲಿಲ್ಲ. ಕಣ್ಣು ಮಂಜಾಗಿತ್ತು. ನನ್ನ ಸೊಸೆ, ನನ್ನ ಮನೆಯವಳು ಅಂತ ಇಡೀ ಕಾರಿಡಾರಿಗೆ ಕೂಗಿ ಹೇಳಬೇಕೆನ್ನಿಸಿತು. ಬದಲಿಗೆ ಎದ್ದು ಹೋಗಿ ಗೋಡೆ ಗಡಿಯಾರವನ್ನು ಕೆಳಗಿಳಿಸಿ, ಮುಳ್ಳನ್ನು ಮೂರು ನಿಮಿಷ ಮುಂದೆ ತಿರುಗಿಸಿ, ಮತ್ತೆ ಮೊಳೆಗೆ ನೇತುಹಾಕಿ ಬಂದರು.

ಮೇಡಂ ಹಾಳೆಯ ಒಂದು ನಕಲು ತೆಗೆಸಿ ಎರಡಕ್ಕೂ ಸಹಿ ಹಾಕಿದರು. "ಪಾಠಗಳನ್ನ ಹೀಗೆ ಮನೆ ಮನೆ ಮಾಡಿ ಹಾಕಿದ್ರೆ ಕಣ್ಣಿಗೆ ಕಟ್ಟುತ್ತೆ ಯಜಮಾನ್ರೇ. ಖಾಲಿ ಮನೆಗಳದ್ದು ಒಂದು ಹಾಳೆ ಎಳೆದುಕೊಡ್ತೀರಾ? ಬೇರೆಯವರಿಗೂ ಕೊಡ್ತೀನಿ."

"ಎಳೆದುಕೊಡ್ತೀನಿ. ಕಾರಣಕ್ಕೆ ಅಂತ ಒಂದು ಮನೆ ಜಾಸ್ತಿ ಹಾಕಿ ಕೊಡ್ತೀನಿ," ಅಂದರು ನಿಮಿಷಪ್ಪನವರು.

ಕೆಳಗಿನ ಕೌಂಟರಿನಲ್ಲಿ ಅವರ ಮುಂದೆ ನಾಲ್ಕು ಜನರಿದ್ದರು. ಗುಮಾಸ್ತ ಹಾಳೆಯನ್ನು ತಿರುಗಿಸಿ ನೋಡಿ, ಎರಡೂ ಪ್ರತಿಗೆ ಸೀಲು ಒತ್ತಿ, ಒಂದನ್ನು ಕಿಂಡಿಯಿಂದ ವಾಪಸು ತಳ್ಳಿದ. ಸೊಸೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಬಾಗಿಲ ಮೆಟ್ಟಿಲಿನ ಬಳಿ ಬಂದು ನಿಂತಳು. ಎರಡು ಗಂಟೆಗೆ ಅವಳಿಗೆ ಪಾಳಿ ಇತ್ತು. ಆದರೂ ಹೊರಡಲು ಮನಸ್ಸಾಗದೆ ಸೀಲಿನ ಮೇಲೆ ಬೆರಳಾಡಿಸುತ್ತಿದ್ದಳು.

"ಕೊಡು ಒಂಚೂರು," ಅಂದರು ನಿಮಿಷಪ್ಪನವರು.

ಹಾಳೆಯನ್ನೂ ಪೆನ್ಸಿಲನ್ನೂ ಇಸಿದುಕೊಂಡು, ಹಾಳೆಯನ್ನು ಗೋಡೆಗೊತ್ತಿ ಹಿಡಿದು, ಕೈಗಡಿಯಾರ ನೋಡಿಕೊಂಡು, ಮೂಲೆಯಲ್ಲಿ ನೀಲಿ ತುದಿಯಿಂದ ಬರೆದರು: ಹೊರಟ ಸಮಯ ೧೨.೫೨. ಕೆಳಗೆ ರುಜು ಹಾಕಿದರು. ಅದರ ಪಕ್ಕದಲ್ಲಿ ತಲುಪಿದ ಸಮಯ ಅಂತ ಬರೆದು, ಮುಂದಕ್ಕೆ ಒಂದು ಮನೆ ಎಳೆದು ಖಾಲಿ ಬಿಟ್ಟರು.

ಆಮೇಲೆ ಪೆನ್ಸಿಲನ್ನು ತಿರುಗಿಸಿ ಕೆಂಪು ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಇನ್ನೂ ಸಾಕಷ್ಟು ಉದ್ದವಿತ್ತು. ಅದು ಮುರಿಯದ ಹಾಗೆ ಮೇಲ್ಮುಖ ಮಾಡಿ ಜೇಬಿಗೆ ಸಿಕ್ಕಿಸಿಕೊಂಡು, ಮೆಟ್ಟಿಲಿಳಿದರು.