ಉಳ್ಳಾಗಡ್ಡಿ ಪೆಟ್ಟಿಗೆಯ ನಾಮಕರಣ

ಹುಸ್ನಾ ನಮ್ಮ ತಂಡಕ್ಕೆ ಬಂದ ದಿನದಿಂದ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇಕೆ? ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವವರು ಒದೆಯಲಿ.

ನಮ್ಮ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಹೊಸದೊಂದು ಯೋಜನೆ ಬಂದಿದೆ. ಬೇರೆ ಬೇರೆ ವಿಷಯ ಓದುವ ಮೂವರು ಒಂದು ತಂಡ ಕಟ್ಟಬೇಕು, ಕೂಡಿ ಸಂಶೋಧನೆ ಮಾಡಬೇಕು, ಆ ಸಂಶೋಧನೆಯಿಂದ ಒಂದು ಸ್ಟಾರ್ಟಪ್ ಹುಟ್ಟಬೇಕು. ನಾನು ಸೌಮ್ಯಾ, ಆಹಾರ ವಿಜ್ಞಾನ ಓದುವವಳು. ಪ್ರತಾಪ ಎಂಬಿಎ. ಬೈರಿದೇವರಕೊಪ್ಪದ ಹತ್ತಿರ ಅವನ ಕಾಕಾನ ಉಳ್ಳಾಗಡ್ಡಿ ಗೋದಾಮು ಇದೆ, ನೀವು ಈರುಳ್ಳಿ ಎನ್ನುತ್ತೀರಲ್ಲ, ಅದೇ. ಅಲ್ಲಿ ರಾಶಿಯ ನಡುವೆ ಒಂದು ಗಡ್ಡೆ ಕೊಳೆತರೆ ಸಾಕು, ಸುತ್ತಲಿನದೆಲ್ಲ ಕೊಳೆಯುತ್ತದೆ. ಆ ವಾಸನೆಯನ್ನು ಹಿಡಿದು ಕೂಡಲೇ ಕೂಗುವ ಪೆಟ್ಟಿಗೆ ಮಾಡೋಣ ಎಂದವಳು ನಾನು. ಪ್ರತಾಪನಲ್ಲ, ಹುಸ್ನಾ ಅಂತೂ ಅಲ್ಲವೇ ಅಲ್ಲ.

ವರ್ಷವಿಡೀ ಆ ಗೋದಾಮಿನಲ್ಲಿ ಕೂತು ಗಡ್ಡೆ ಗಡ್ಡೆ ಮೂಸಿದವಳೂ ನಾನೇ. ಇದು ತಾಜಾ, ಇದು ಇನ್ನೇನು ಕೆಡುತ್ತದೆ, ಇದು ಕೆಟ್ಟಿದೆ. ಚಿಗರಿ ಎಂಬ ನಮ್ಮ ಸಿಟಿ ಬಸ್ಸು ಎಷ್ಟೇ ತುಂಬಿರಲಿ, ನನ್ನ ಪಕ್ಕದ ಸೀಟು ಮಾತ್ರ ಖಾಲಿ. ಮನೆಗೆ ಬಂದರೆ ಅವ್ವ ಹೊಸ್ತಿಲಲ್ಲೇ ತಡೆಯುತ್ತಿದ್ದಳು. "ಮದಲ ಬಚ್ಚಲಕ್ಕ ಹೋಗವಾ, ಆಮ್ಯಾಲ ಮಾತಾಡೋಣಂತ."

ಮೊದಲಿದ್ದ ಎಲೆಕ್ಟ್ರಾನಿಕ್ಸ್ ಹುಡುಗ ನೌಕರಿ ಸಿಕ್ಕಿತೆಂದು ಬಿಟ್ಟುಹೋದ. ಅವನ ಜಾಗಕ್ಕೆ ಉಣಕಲ್ಲಿನ ಹುಸ್ನಾ ಬಂದಳು. ಸೆನ್ಸರ್ ಕೂಡಿಸಿದಳು. ನಾನು ಮೂಸಿ ಹೇಳಿದ್ದನ್ನೆಲ್ಲ ಅದಕ್ಕೆ ಕಲಿಸಿದಳು. ಪೆಟ್ಟಿಗೆ ಕೂಗತೊಡಗಿತು. ಮುಗಿಯಿತಲ್ಲ! ಇಡೀ ವಿಭಾಗದಲ್ಲಿ ಒಂದೇ ಮಾತು: "ಹುಸ್ನಾನ ಪೆಟಗಿ ನೋಡೀರೇನ?" ಪ್ರತಾಪನ ಕಾಕಾ ಕೂಡ ಅವಳಿಗೆ ಚಹಾ ತರಿಸಿ, ನನಗೆ ಇನ್ನೊಂದು ಬುಟ್ಟಿ ಉಳ್ಳಾಗಡ್ಡಿ ತರಿಸುತ್ತಿದ್ದ. ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಶನಿವಾರ ಪರೀಕ್ಷಕರ ಮುಂದೆ ನಮ್ಮ ಸರದಿ ಇತ್ತು. ಅವರು ಒಪ್ಪಿದ ತಂಡಕ್ಕೆ ಕೆಲಸ ಮಾಡಲು ಒಂದು ಕೋಣೆ, ಒಂದು ವರ್ಷದ ಬೆಂಬಲ. ತಂಡದ ಪರವಾಗಿ ಒಬ್ಬರೇ ವೇದಿಕೆ ಹತ್ತಿ ಮಾತಾಡಬೇಕು. ಅಲ್ಲಿ ನಿಂತವರದೇ ಪೆಟ್ಟಿಗೆ ಎಂದು ಲೋಕ ತಿಳಿಯುತ್ತದೆ. ನಾನು ಕನ್ನಡಿಯ ಮುಂದೆ ನಿಂತು ನಿಂತು ಭಾಷಣ ಬಾಯಿಪಾಠ ಮಾಡಿದ್ದೆ.

"ಹುಸ್ನಾ ಮಾತಾಡ್ಲಿ" ಎಂದ ಪ್ರತಾಪ. "ಅಳ್ಳ ಹುರದಂಗ ಮಾತಾಡ್ತಾಳ. ನೀ ಲಗೂ ಸಿಟ್ಟಿಗೇಳ್ತಿ. ಯಾರರ ಒಂದ ಪ್ರಶ್ನಿ ಕೇಳಿದ್ರ ಜಗಳಾನ ತಗೀತಿ."

"ನಾ ಎಲ್ಲಿ ಜಗಳಾ ತಗದೇನಿ?" ಎಂದು ಟೇಬಲ್ ಗುದ್ದಿ ಕೇಳಿದೆ. ಅವನು ಟೇಬಲ್ಲನ್ನೇ ನೋಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಗುರುವಾರ ನಮ್ಮ ಗೈಡ್ ಭುವನೇಶ್ವರಿ ಮೇಡಂ ಡಬ್ಬಿ ತುಂಬ ಗುಗ್ಗರಿ ಹಿಡಿದು ಪ್ರಯೋಗಾಲಯಕ್ಕೆ ಬಂದರು. "ಹುಟ್ಟಿದ ಕೂಸಿಗೆ ಹೆಸರ ಬ್ಯಾಡೇನ? ತೊಟ್ಟಿಲಾ ಕಟ್ರಿ" ಎಂದರು. ಎರಡು ಬೆಂಚುಗಳ ನಡುವೆ ಅವರದೇ ಹಳೆಯ ಸೀರೆ ಕಟ್ಟಿ ಪೆಟ್ಟಿಗೆಯನ್ನು ಮಲಗಿಸಿದೆವು. ವಿಭಾಗದ ಹುಡುಗಿಯರೆಲ್ಲ ಸುತ್ತ ನೆರೆದರು. ನಾನು ಮನಸ್ಸಿನಲ್ಲೇ ಎಂದೋ 'ಪರಿಮಳಾ' ಎಂದು ಹೆಸರಿಟ್ಟಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು, ನಗಬೇಡಿ.

"ಹೆಸರ ಇಡಾಕ ಸ್ವಾದರತ್ತಿ ಬೇಕು. ಯಾರು?" ಎಂದರು ಮೇಡಂ.

"ನಾ ಕೂಸಿನ ಅಪ್ಪ" ಎಂದ ಪ್ರತಾಪ. "ಹುಸ್ನಾ ನನಗ ಅಣ್ಣಾ ಅಂತಾಳ. ಅಕೀನ ಸ್ವಾದರತ್ತಿ."

"ಮತ್ತ ನಾನು?"

"ಬೆನ್ನ ಗುದ್ದಾಕೂ ಮಂದಿ ಬೇಕಲ್ಲ!"

ಎಲ್ಲರೂ ನಕ್ಕರು. ಉರಿಯುವ ಬೆಂಕಿಗೆ ತುಪ್ಪ ಸುರಿದರೆ ಏನಾಗುತ್ತದೆ ಎಂದು ಅವನಿಗೇನು ಗೊತ್ತು?

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಚೇಷ್ಟೆಯ ಗುದ್ದು, ನೋವಾಗುವಂಥದ್ದಲ್ಲ. ಹುಸ್ನಾ ದುಪಟ್ಟಾ ಸರಿಮಾಡಿಕೊಂಡು ಬಗ್ಗಿದಳು. "ಕುರ್ರ್" ಎಂದಳು. ಹುಡುಗಿಯರು ಮೆಲ್ಲಗೆ ತಟ್ಟಿದರು. ನಾನು ಮಾತ್ರ ಆ ವರ್ಷದ ಸಂಕಟವನ್ನೆಲ್ಲ ಮುಷ್ಟಿಯಲ್ಲಿ ಹಿಡಿದು ಗುದ್ದಿದೆ.

"ಯಾ ಅಲ್ಲಾ!" ಎಂದು ಹುಸ್ನಾ ಬಾಯಿ ಮುಚ್ಚಿಕೊಂಡಳು. ನಾಲಿಗೆ ಕಚ್ಚಿಕೊಂಡಿದ್ದಳು. ಕರವಸ್ತ್ರ ಕೆಂಪಾಯಿತು. ಮೇಡಂ ನೀರು ತರಲು ಓಡಿದರು. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು, ಬಾಯಿ ಮುಕ್ಕಳಿಸಿ, ತೊದಲುತ್ತಲೇ ಹೆಸರು ಹೇಳಿದಳು: "ಥೌಮ್ಯಾ."

ಯಾರಿಗೂ ತಿಳಿಯಲಿಲ್ಲ. ಪ್ರತಾಪ ಬಿಡಿಸಿ ಹೇಳಿದ. "ಸೌಮ್ಯಾ ಅಂತ. ಹೋದ ವಾರಾನ ನನಗ ಹೇಳಿದ್ಲು. ಪೆಟಗಿ ಕಲತದ್ದು ಸೌಮ್ಯಾನ ಮೂಗಿನಿಂದ, ಅಕೀ ಹೆಸರ ಇರ್ಲಿ ಅಂದ್ಲು."

ನಾಚಿಕೆಯಾಯಿತೇ ಎಂದು ಕೇಳುತ್ತೀರಿ. ಆಯಿತು. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಜಾಣೆ ಆಗಿದ್ದಳು, ಸಹಿಸಿದೆ. ಈಗ ಒಳ್ಳೆಯವಳೂ ಆಗಿಬಿಟ್ಟಳಲ್ಲ! ನಾನಾಗಿದ್ದರೆ ಅವಳ ಹೆಸರು ಇಡುತ್ತಿದ್ದೆನೇ? ಸತ್ತರೂ ಇಲ್ಲ.

ಶನಿವಾರಕ್ಕೂ ಅವಳ ನಾಲಿಗೆಯ ಬಾವು ಇಳಿಯಲಿಲ್ಲ. ವೇದಿಕೆ ನನಗೆ ಬಂತು. ಬೇಡಿದ್ದು ಸಿಕ್ಕಿತು, ಸಿಕ್ಕ ಬಗೆ ಮಾತ್ರ ಹೇಳಿಕೊಳ್ಳುವಂಥದ್ದಲ್ಲ. ಆದರೂ ಚೆನ್ನಾಗಿಯೇ ಮಾತಾಡಿದೆ. ಕೊಳೆತ ಗಡ್ಡೆಯ ಹತ್ತಿರ ಇಟ್ಟೊಡನೆ ಪೆಟ್ಟಿಗೆ ಕೂಗಿತು. ಪರೀಕ್ಷಕರು ತಲೆದೂಗಿದರು.

ಅವರಲ್ಲಿ ಹಿರಿಯರೊಬ್ಬರು ಕೇಳಿದರು. "ಇದಕ್ಕ ಹೆಸರೇನ ಇಟ್ಟೀರಿ?"

"ಸೌಮ್ಯಾ ಅಂತರಿ."

"ನಿಮ್ಮ ಹೆಸರು?"

"ಸೌಮ್ಯಾ."

ಸಭೆ ಗೊಳ್ಳೆಂದಿತು. "ಭಾಳ ಛಲೋ! ಮಂದಿ ಇಡೂದಿಲ್ಲಂತ ನೀವ ಇಟಗೊಂಡ್ರೇನ?" ಎಂದರು ಅವರು.

ಕಿವಿ ಕಾದವು. ನಕ್ಕು ಸುಮ್ಮನಿರಬಹುದಿತ್ತು. ಪೆಟ್ಟಿಗೆ ನನ್ನದೇ ಎಂದು ಎಲ್ಲರೂ ನಂಬಿದ್ದರು, ನಾನು ಬಯಸಿದ್ದೂ ಅದನ್ನೇ. ಮುಂದಿನ ಸಾಲಿನಲ್ಲಿ ಹುಸ್ನಾ ಬಾಯಿಗೆ ಕರವಸ್ತ್ರ ಹಿಡಿದು ಕೂತಿದ್ದಳು.

"ನಾ ಇಟ್ಟದ್ದಲ್ರಿ. ಅಕಿ ಇಟ್ಟಾಳ, ಹುಸ್ನಾ. ಇದನ್ನ ಕಟ್ಟಿದಾಕಿ ಅಕಿ. ಇವತ್ತ ಅಕೀನ ಮಾತಾಡಬೇಕಾಗಿತ್ತು. ನಾಲಗಿ ಕಡಕೊಂಡಾಳ."

"ಅಯ್ಯ, ಹೆಂಗ?"

"ಹೆಸರ ಇಡುಮುಂದ ನಾ ಬೆನ್ನಿಗೆ ಜೋರ ಗುದ್ದಿದ್ನಿರಿ."

"ಯಾಕವಾ?"

"ಹೊಟ್ಟಿಕಿಚ್ಚಿಗೆ" ಎಂದೆ.

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ಹುಸ್ನಾಳ ಕಡೆ ತಿರುಗಿ ತಟ್ಟಿದರು. ಅವಳು ಎದ್ದು ನಿಂತು ಕೈಮುಗಿದಳು. ಒಂದು ಮಾತೂ ಆಡದೆ ಸಭೆ ಗೆದ್ದಳು. ಕೋಣೆ ನಮಗೇ ಸಿಕ್ಕಿತು.

ನಾನು ಕೆಳಗಿಳಿದು ಬಂದಾಗ ಹುಸ್ನಾ ಪಕ್ಕದ ಕುರ್ಚಿಯಿಂದ ಚೀಲ ತೆಗೆದು ಜಾಗ ಮಾಡಿಕೊಟ್ಟಳು.

"ಇನ್ನಾ ಐತೇನ ಹೊಟ್ಟಿಕಿಚ್ಚು?" ಎಂದು ತೊದಲಿದಳು.

"ಐತಿ. ಮದಲಕಿಂತ ಜಾಸ್ತಿ ಆಗೇತಿ" ಎಂದು ಅವಳ ಪಕ್ಕದಲ್ಲಿ ಕೂತೆ.