ಶೋಕೇಸಿನ ಕ್ಲೀವರ್

“ಆ ಕೊಳಕು ಕೈಯಲ್ಲಿ ಅದನ್ನ ಮುಟ್ಟಿದ್ರೆ ಕೈನೇ ಕಡ್ದು ಹಾಕ್ತೀನಿ, ಬೋಳಿಮಗ್ನೆ!”

ಕಂಟ್ರಾಕ್ಟರ್ ಬೋರಣ್ಣ ಗದರಿದ. ಅವನ ಮನೆಯ ಶೋಕೇಸಿನಿಂದ ಚಲುವರಾಜು ಕೈ ಹಿಂದಕ್ಕೆಳೆದುಕೊಂಡ. ತೋರುಬೆರಳು ಬಾತು ಕೀವು ತುಂಬಿತ್ತು. ಒಳಗೆ ಇಂಟರ್ನೆಟ್ ಕೇಬಲ್ಲಿನ ಫೈಬರ್ ಎಳೆಯ ಗಾಜಿನ ಚೂರು ಮುರಿದು ಕೂತಿತ್ತು. ತಿಲಕ್ ನಗರದ ಡಾಕ್ಟರು ಕೊಯ್ದರೂ ಸಿಕ್ಕಿರಲಿಲ್ಲ.

ಶೋಕೇಸಿನಲ್ಲಿದ್ದದ್ದು ಫೈಬರ್ ಕತ್ತರಿಸುವ ಹೊಸ ಕ್ಲೀವರ್. ಕತ್ತರಿಸಿದ ಚೂರು ತಾನಾಗಿ ಬೀಳಲು ಅದಕ್ಕೊಂದು ಪುಟ್ಟ ಡಬ್ಬಿ ಇದೆ. ಆಯುಧಪೂಜೆಯ ಕುಂಕುಮ ಇನ್ನೂ ಮೆತ್ತಿಕೊಂಡಿತ್ತು. ಬೋರಣ್ಣ ಅದನ್ನು ಕೊಂಡದ್ದು ಇಂಟರ್ನೆಟ್ ಕಂಪನಿಯವರ ತಪಾಸಣೆಯಲ್ಲಿ ತೋರಿಸಲು. ಅವನ ಕೆಲಸಗಾರರು ಕಂಬ ಹತ್ತುವುದು ಡಬ್ಬಿಯೇ ಇಲ್ಲದ ಅಗ್ಗದ ಕ್ಲೀವರ್ ಹಿಡಿದು.

“ಕೆಲ್ಸಕ್ಕೆ ಕೊಡಿ ಅಣ್ಣ. ಹಳೇದ್ರಲ್ಲಿ ಚೂರು ಎಲ್ಲೆಲ್ಲೋ ಹಾರ್ತವೆ.”

“ಒಂದ್ ಬೆರಳು ಹೋದ್ರೆ ಇನ್ನೂ ಒಂಬತ್ತವೆ, ದುಡಿ. ನೀನಿಲ್ಲಾಂದ್ರೆ ಸಾರಕ್ಕಿ ಸಿಗ್ನಲ್ಲಲ್ಲಿ ಬೇಕಾದಷ್ಟು ಜನ ನಿಂತವ್ರೆ.”

ಅಷ್ಟರಲ್ಲಿ ಕಂಪನಿಯ ಎಂಜಿನಿಯರ್ ರವಿಕಿರಣ್ ತಪಾಸಣೆಗೆ ಬಂದ. ಬೋರಣ್ಣನ ದನಿಯೇ ಬದಲಾಯಿತು.

“ಬನ್ನಿ ಸಾರ್, ಕೂತ್ಕೊಳಿ. ನಮ್ಮುಡುಗ ಕೆಲ್ಸ ಮಾಡಿ ತೋರಿಸ್ತಾನೆ. ಟೂಲ್ ವಿಷ್ಯದಲ್ಲಿ ನಾನು ಜುಗ್ಗತನ ಮಾಡಲ್ಲ.”

ಶೋಕೇಸಿನ ಬೀಗ ತೆಗೆದು ಹೊಸ ಕ್ಲೀವರನ್ನು ಟೀಪಾಯಿಯ ಮೇಲಿಟ್ಟ. ಸೋಫಾದ ಮುಂದೆ, ಬಿಳಿ ಮಾರ್ಬಲ್ ನೆಲದ ಮೇಲೆ ಕೂತಿದ್ದ ಚಲುವರಾಜು ಅದನ್ನು ಪಕ್ಕಕ್ಕೆ ಸರಿಸಿದ. ಚೀಲದಿಂದ ರಬ್ಬರ್ ಬ್ಯಾಂಡ್ ಸುತ್ತಿದ್ದ ಹಳೆಯದನ್ನು ತೆಗೆದ.

“ದಿನಾ ಕೆಲ್ಸ ಇದ್ರಲ್ಲೇ ಸಾರ್.”

ಫೈಬರ್ ಎಳೆ ಕತ್ತರಿಸಿದ. ಮತ್ತೆ ಕತ್ತರಿಸಿದ. ಕೂದಲಿನಷ್ಟು ತೆಳ್ಳಗಿನ ಚೂರುಗಳು ಮಾರ್ಬಲ್ಲಿನ ಬಿಳುಪಿನಲ್ಲಿ ಮಾಯವಾದವು. ಪ್ರತಿ ಚೂರನ್ನೂ ಹುಡುಕಿ, ತೊಡೆಗೆ ಅಂಟಿಸಿಕೊಂಡ ಟೇಪಿಗೆ ಒತ್ತುವುದು ಅವನ ರೂಢಿ. ಇವತ್ತು ಟೇಪು ಜೇಬಿನಲ್ಲೇ ಉಳಿಯಿತು.

ರವಿಕಿರಣ್ ಹಳೆಯ ಕ್ಲೀವರ್ ನೋಡಿದ. ಕೀವುಗಟ್ಟಿದ ಬೆರಳು ನೋಡಿದ. ಫೋನ್ ತೆಗೆದು ಹೊಸದರ ಕಡೆ ಹಿಡಿದ.

“ಆ ಕುಂಕುಮ ಒರೆಸಿ ಬೋರಣ್ಣೋರೆ. ಬಳಸೇ ಇಲ್ಲ ಅಂತ ಫೋಟೋದಲ್ಲಿ ಗೊತ್ತಾಗತ್ತೆ.”

ಅವನ ಕಾರು ಹೊರಟ ಸದ್ದಾಯಿತು. ಚಲುವರಾಜು ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋಗಿದ್ದ. ಸೋಫಾದ ಬಳಿಯಿಂದಲೇ ಬೋರಣ್ಣ ಟೀಪಾಯಿಯ ಮೇಲೆ ಉಳಿದಿದ್ದ ಹಳೆಯ ಕ್ಲೀವರ್ ಎತ್ತಿ ಅವನ ಮುಖಕ್ಕೆ ಎಸೆದ. ಹುಬ್ಬು ಒಡೆಯಿತು.

“ನನ್ ಮಾನ ತೆಗೀತೀಯೇನೋ, ನಾಯಿ? ಮುನಿಲಕ್ಷ್ಮೀ, ಈ ಸೂಳೆಮಗ ಕೂತಿದ್ ಜಾಗ ಎರಡ್ಸಲ ಒರ್ಸೇ!”

ಮನೆಗೆಲಸದ ಮುನಿಲಕ್ಷ್ಮಮ್ಮ ಒದ್ದೆ ಬಟ್ಟೆ ಹಿಡಿದು ಬಂದು ಬಗ್ಗಿದಳು.

“ಕೈಯಿಕ್ಕಬ್ಯಾಡ ಅಕ್ಕ,” ಚಲುವರಾಜು ಕೂಗಿದ. “ಗಾಜವೆ.”

“ಎಲ್ಲೈತೋ ಗಾಜು? ಏನೂ ಇಲ್ಲ. ಒರ್ಸೇ, ಮುಂಡೆ!”

ಮುನಿಲಕ್ಷ್ಮಮ್ಮ ಚಲುವರಾಜುವಿನ ಬೆರಳನ್ನು ನೋಡಿದಳು. ಬಟ್ಟೆಯನ್ನು ಬೋರಣ್ಣನ ಕಾಲ ಬಳಿಗೆ ಎಸೆದಳು.

“ಏನೂ ಇಲ್ವಲ್ಲ ಅಣ್ಣ. ನೀವೇ ಒರ್ಸಿ.”

ಅವಳೂ ಹೋಗಿ ಬಾಗಿಲಾಚೆ ಚಪ್ಪಲಿ ಮೆಟ್ಟಿಕೊಂಡಳು. ಬೋರಣ್ಣ ಹೊಡೆಯಲು ನುಗ್ಗಿದ. ಒಂದು ಹೆಜ್ಜೆ ಇಟ್ಟ. ಎರಡನೆಯದಕ್ಕೆ ಎತ್ತಿದ ಬರಿಗಾಲು ಗಾಳಿಯಲ್ಲೇ ನಿಂತಿತು.

ಕೆಳಗೆ ಮಾರ್ಬಲ್ಲು ಫಳಫಳ ಹೊಳೆಯುತ್ತಿತ್ತು.